ಅರ್ಜಿಯಲ್ಲಿ ನಾನು ಬೆಳೆದ ಈರುಳ್ಳಿ

ಸುಳ್ಳನ್ನು ಬಾಯಲ್ಲಿ ಹೇಳುವುದಕ್ಕೂ ಟೈಪ್ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಬಾಯಲ್ಲಿ ಹೇಳಿದ್ದು ಆ ಕ್ಷಣಕ್ಕೇ ಮುಗಿದುಹೋಗುತ್ತದೆ. ಕೈಬರಹದಲ್ಲಾದರೆ ಒಂದು ಗೀಚಿನಲ್ಲಿ ದಾಟಿಬಿಡಬಹುದು. ಟೈಪ್ ಮಾಡುವಾಗ ಹಾಗಲ್ಲ. ಒಂದೊಂದು ಅಕ್ಷರವನ್ನೂ ಹುಡುಕಿ, ಬೆರಳಿಟ್ಟು ಒತ್ತಬೇಕು. ಒತ್ತಿದಾಗಲೆಲ್ಲ ಅದು ಟಕ್ ಎಂದು ಸದ್ದು ಮಾಡಿ ಪಕ್ಕದವರಿಗೂ ತಿಳಿಸುತ್ತದೆ. ನನ್ನಂಥ ನಿಧಾನದವನಿಗಂತೂ ಎರಡು ಅಕ್ಷರಗಳ ನಡುವೆ ಪಶ್ಚಾತ್ತಾಪ ಪಡುವಷ್ಟು ಹೊತ್ತು ಸಿಗುತ್ತದೆ. ‘ಅಗ್ರಿಕಲ್ಚರ್’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಹನ್ನೊಂದು ಅಕ್ಷರಗಳು. ಹನ್ನೊಂದು ಸಲವೂ ನಾನು ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ.

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಊರಿನಲ್ಲಿ ಎಲ್ಲಿ ನೋಡಿದರೂ ಹೊಸ ಬೋರ್ಡು, ಹೊಸ ಆಫೀಸು, ಆಫೀಸಿನ ಮುಂದೆ ಕವರು ಹಿಡಿದು ನಿಂತ ಜನ. ನಾನು ಅಲ್ಲೊಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿದ್ದೆ. ಯಂತ್ರಗಳಿಗೆ ಎಣ್ಣೆ ಬಿಡುವುದು, ರಿಬ್ಬನ್ ಬದಲಿಸುವುದು, ಯಾರಾದರೂ ಅರ್ಜಿ ತಂದರೆ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಹೀಗೆ ಊರಿನವರಿಗೆಲ್ಲ ಬಯೋಡೇಟಾ ಹೊಡೆದುಕೊಟ್ಟವನು ನನ್ನದನ್ನು ಹೊಡೆದುಕೊಂಡಿರಲಿಲ್ಲ. ಕಾರಣ ಸರಳವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಇಪ್ಪತ್ತೇಳನೇ ವಯಸ್ಸಿಗೆ, ಹೊರಗಿನಿಂದ ಕಟ್ಟಿ, ಮೂರನೆಯ ಸಲಕ್ಕೆ. ಮೊದಲ ಸಲ ಪರೀಕ್ಷೆಯ ಕೊಠಡಿಗೆ ಹೋದಾಗ ಮೇಲ್ವಿಚಾರಕಿಯೊಬ್ಬರು ನನ್ನನ್ನು ಸ್ಕ್ವಾಡಿನವರೆಂದು ತಿಳಿದು ಎದ್ದು ನಿಂತರು. ಅವರು ನಿಂತರಲ್ಲ ಎಂದು ನಾನೂ ಗೌರವಕ್ಕೆ ನಿಂತೇ ಇದ್ದೆ. ಯಾರು ಮೊದಲು ಕೂರಬೇಕೆಂದು ತಿಳಿಯದೆ ಇಬ್ಬರೂ ಸ್ವಲ್ಪ ಹೊತ್ತು ಕಷ್ಟಪಟ್ಟೆವು. ಕೊನೆಗೂ ಪಾಸಾದಾಗ ನನ್ನ ಹೆಂಡತಿ ರತ್ನ ಅಂಕಪಟ್ಟಿಗೆ ಪ್ಲಾಸ್ಟಿಕ್ ಕವರು ಹಾಕಿಸಿ, ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದನ್ನು ತೋರಿಸುತ್ತಿದ್ದಳು.

ಹೀಗಿರುವಾಗ ಬದನಗುಪ್ಪೆಯ ಹತ್ತಿರ ಬಿತ್ತನೆ ಬೀಜದ ಕಂಪನಿಯೊಂದು ಗೋಡೌನು ತೆರೆಯಿತು. ಅಲ್ಲಿಗೆ ಒಬ್ಬ ಗುಮಾಸ್ತ ಬೇಕಾಗಿದ್ದ. ಎಸ್ಸೆಸ್ಸೆಲ್ಸಿ ಆಗಿರಬೇಕು, ಟೈಪಿಂಗ್ ಬರಬೇಕು, ವಯಸ್ಸು ಮೂವತ್ತರೊಳಗಿರಬೇಕು. ನನಗೆ ಮೂವತ್ತು ತುಂಬಲು ನಾಲ್ಕು ತಿಂಗಳಿತ್ತು. ವಯಸ್ಸಿದ್ದಾಗ ಓದಿರಲಿಲ್ಲ, ಓದಿಕೊಳ್ಳುವ ಹೊತ್ತಿಗೆ ವಯಸ್ಸು ಉಳಿದಿರಲಿಲ್ಲ. ಓದು, ವಯಸ್ಸು ಎರಡೂ ಒಟ್ಟಿಗೆ ಕೈಯಲ್ಲಿದ್ದದ್ದು ಆ ನಾಲ್ಕು ತಿಂಗಳು ಮಾತ್ರ. ಇದು ತಪ್ಪಿದರೆ ಜೀವನವಿಡೀ ಬೇರೆಯವರ ಅರ್ಜಿಯನ್ನೇ ಹೊಡೆಯುತ್ತಿರಬೇಕೆಂದು ನನಗೆ ಖಾತ್ರಿಯಾಗಿತ್ತು.

ಹಾಳೆ ಸಿಕ್ಕಿಸಿಕೊಂಡು ಕುಳಿತೆ. ಹೆಸರು, ತಂದೆಯ ಹೆಸರು, ಊರು ಕುದೇರು, ಎಲ್ಲ ಸಲೀಸಾಗಿ ಇಳಿಯಿತು. ಪೂರ್ವಾನುಭವ ಎಂಬಲ್ಲಿ ಕೈ ನಿಂತಿತು. ಏಳನೇ ಕ್ಲಾಸಿನಲ್ಲಿ ನಪಾಸಾಗಿ ಶಾಲೆ ಬಿಟ್ಟವನು ನಾನು. ಅಲ್ಲಿಂದ ಹನ್ನೊಂದು ವರ್ಷ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯೊಂದರಲ್ಲಿದ್ದೆ. ಲಾರಿಗೆ ಏರುವ ಮುಂಚೆ ಪ್ರತಿ ಚೀಲದ ಮೇಲೂ ಅದು ಸೇರಬೇಕಾದ ಊರಿನ ಹೆಸರನ್ನು ಮಸಿಯಲ್ಲಿ ಬರೆಯುವುದು ನನ್ನ ಕೆಲಸ. ಅದಕ್ಕೆ ಮಾರ್ಕ್ ಹಾಕುವುದು ಎನ್ನುತ್ತಿದ್ದರು. ಸ್ನಾನ ಮಾಡಿದರೂ ಉಗುರಿನ ಸಂದಿಯಿಂದ ಆ ಮಸಿ ಹೋಗುತ್ತಿರಲಿಲ್ಲ. ಮದುವೆಯ ದಿನ ಧಾರೆ ಎರೆಯುವಾಗ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು ಎಂದು ನನಗೆ ಇವತ್ತಿಗೂ ಅನುಮಾನ. ಅಂಥದ್ದನ್ನು ಇಂಗ್ಲಿಷಿನಲ್ಲಿ, ದಪ್ಪ ಹಾಳೆಯ ಮೇಲೆ ಹೇಗೆ ಬರೆಯುವುದು?

ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಹಿಂದಿನಿಂದ ಬಗ್ಗಿ ನೋಡಿದರು. “ಖಾಲಿ ಬಿಡಬೇಡ್ರಿ. ಖಾಲಿ ಬಿಟ್ರೆ ಜೈಲಿಗೆ ಹೋಗಿದ್ರು ಅಂದ್ಕೋತಾರೆ. ಅಗ್ರಿಕಲ್ಚರ್ ಅಂತ ಹಾಕಿ.”

“ನಮಗೆ ಒಂದು ಗುಂಟೆ ಜಮೀನೂ ಇಲ್ವಲ್ಲ ಸಾರ್.”

“ಕುದೇರಿನವರಲ್ವಾ ನೀವು? ಸುತ್ತಮುತ್ತ ಎಲ್ಲ ಜಮೀನೇ ತಾನೆ? ಯಾರದು ಅಂತ ಅವ್ರೇನು ಕೇಳ್ತಾರಾ?”

ಮನೆಯಲ್ಲಿ ರತ್ನನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ, “ಈರುಳ್ಳಿ ಮಂಡಿ ಅಂತ್ಲೇ ಬರೀರಿ. ಏನು ಕದ್ದಿದ್ರಾ?” ಎಂದಳು. ಹೆಂಗಸರಿಗೆ ಆಫೀಸಿನ ವಿಷಯ ತಿಳಿಯುವುದಿಲ್ಲ ಎಂದುಕೊಂಡು ನಾನು ಮರುದಿನ ಅಗ್ರಿಕಲ್ಚರ್ ಎಂದೇ ಹೊಡೆದೆ. ಅದರ ಕೆಳಗೆ, ಮೇಲ್ಕಂಡ ವಿವರಗಳೆಲ್ಲವೂ ಸತ್ಯವೆಂದು ಪ್ರಮಾಣೀಕರಿಸುತ್ತೇನೆ ಎಂಬ ಸಾಲು. ಊರಿನವರಿಗೆಲ್ಲ ಅದನ್ನೇ ಹೊಡೆದು ಹೊಡೆದು ರೂಢಿಯಾಗಿತ್ತು. ಇಡೀ ಹಾಳೆಯಲ್ಲಿ ಒಂದೂ ತಪ್ಪಿಲ್ಲದೆ, ಕೀಲಿಗಳನ್ನು ನೋಡದೆ ನಾನು ಹೊಡೆದ ಸಾಲು ಅದೊಂದೇ.

ಇನ್ನು ಉಳಿದದ್ದು ರೆಫರೆನ್ಸು. ನನ್ನನ್ನು ಬಲ್ಲ ಇಬ್ಬರು ಗಣ್ಯರ ಹೆಸರು ಬೇಕು. ಹೇಳದೆ ಕೇಳದೆ ದೊಡ್ಡವರ ಹೆಸರು ಬರೆದುಕೊಳ್ಳುವುದು ಮರ್ಯಾದೆಯಲ್ಲವೆಂದು ನಾನೇ ಹೋಗಿ ಕೇಳಿದೆ. ಒಬ್ಬರು ಕುದೇರಿನಲ್ಲಿ ನನಗೆ ಪಾಠ ಹೇಳಿ, ಈಗ ನಿವೃತ್ತರಾಗಿದ್ದ ಸಿದ್ದಯ್ಯ ಮೇಷ್ಟ್ರು. ಅವರು ಸಂತೋಷಪಟ್ಟು, ಇಂಟರ್‌ವ್ಯೂ ಯಾವತ್ತು, ಎಲ್ಲಿ ಎಂದು ಕೇಳಿ ಪಂಚಾಂಗದಲ್ಲಿ ಗುರುತು ಮಾಡಿಕೊಂಡರು. ಇನ್ನೊಬ್ಬರು ನನ್ನ ಹಳೆಯ ಯಜಮಾನರು, ಮಂಡಿಯ ಸಾವ್ಕಾರ್ ಪುಟ್ಟಮಲ್ಲಪ್ಪನವರು. ಗುಂಡ್ಲುಪೇಟೆಗೆ ಹೋದಾಗ ಅವರು ಮಂಡಿಯ ಮುಂದೆ ಲಾರಿ ಡ್ರೈವರ್ ಒಬ್ಬನನ್ನು ಬೈಯುತ್ತಿದ್ದರು. ನನ್ನನ್ನು ಕಂಡು ಅದನ್ನು ಅರ್ಧಕ್ಕೆ ನಿಲ್ಲಿಸಿದರು.

“ಏನ್ಲಾ ಮಾದೇವ, ಸಣ್ಣಾಗ್ಬುಟ್ಟಿದ್ದೀಯೆ? ಟೈಪು ಒಡೆಯೋದೂ ಅಷ್ಟು ಕಷ್ಟುವಾ?”

ವಿಷಯ ತಿಳಿಸಿದೆ. “ಗೊತ್ತಿರೋರು ಅಂತ ನಿಮ್ಮೆಸರು ಹಾಕ್ಕೋಬೇಕು ಸಾವ್ಕಾರ್ರೇ.”

“ಆಕ್ಕೋ. ಯಾವತ್ತು ಬರ್ಬೇಕು?”

“ಇಂಟರ್‌ವ್ಯೂ ಬರೋ ಶುಕ್ರವಾರ, ಬದನಗುಪ್ಪೆ ಗೋಡೌನಲ್ಲಿ. ಆದ್ರೆ ನೀವು ಬರೋದೇನೂ ಬ್ಯಾಡಿ. ಬರೀ ಹೆಸರು ಸಾಕು.”

ಸಾವ್ಕಾರ್ರು ನನ್ನನ್ನು ಮರುಕದಿಂದ ನೋಡಿದರು. “ಬರೀ ಎಸರು ಕೊಟ್ಟು ಮನೇಲಿ ಕುಂತ್ಕೊಳಕೆ ನಾನೇನು ಓಟರ್ ಲಿಸ್ಟಾ? ಓಗು, ನೀನು ನಿನ್ ಕೆಲ್ಸ ನೋಡು.”

ನಮ್ಮ ಕಡೆ ಒಂದು ರಿವಾಜು ಉಂಟು. ಮಂಡಿಗೆ ಹೊಸ ಆಳು ಸೇರಲಿ, ಹೊಸ ಡ್ರೈವರು ಬರಲಿ, ಅವನನ್ನು ಬಲ್ಲವರು ಯಾರಾದರೂ ಎದುರಿಗೆ ಬಂದು ನಿಂತು ‘ಇವನು ನಮ್ಮವನು’ ಎನ್ನಬೇಕು. ಬಲ್ಲೆ ಎಂದವನು ಬರದಿದ್ದರೆ ಬಲ್ಲೆ ಎಂದದ್ದು ಸುಳ್ಳು ಎಂದೇ ಅರ್ಥ. ಇದು ನನಗೂ ಗೊತ್ತಿದ್ದದ್ದೇ. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ನಾನು ನನ್ನ ಇಂಗ್ಲಿಷಿನ ಗುಂಗಿನಲ್ಲಿದ್ದೆ.

ಇಂಟರ್‌ವ್ಯೂ ದಿನ ಗೋಡೌನಿನ ಆಫೀಸಿನಲ್ಲಿ ಮೈಸೂರಿನಿಂದ ಬಂದಿದ್ದ ಮ್ಯಾನೇಜರು ಕುಳಿತಿದ್ದರು. ಒಳ್ಳೆಯ ಮನುಷ್ಯರು. ನನ್ನ ಹಾಳೆಯ ಮೇಲೆ ಕಣ್ಣಾಡಿಸಿದವರು ಪೂರ್ವಾನುಭವಕ್ಕೆ ಬಂದಾಗ ಕನ್ನಡಕ ತೆಗೆದು ಮುಖವರಳಿಸಿದರು.

“ಹನ್ನೊಂದು ವರ್ಷ ವ್ಯವಸಾಯ! ನಮಗೆ ಬೇಕಾದವರೇ ಸಿಕ್ಕಿದಿರಿ. ಬಂದವರೆಲ್ಲ ಬರೀ ಕಾಲೇಜಿನವರು. ಏನು ಬೆಳೀತಿದ್ರಿ?”

ಬೀಜದ ಕಂಪನಿಯಲ್ಲಿ ವ್ಯವಸಾಯದ ಮಾತು ಬರಬಹುದೆಂದು ಇನ್‌ಸ್ಟಿಟ್ಯೂಟಿನ ಮೇಷ್ಟ್ರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. “ಈರುಳ್ಳಿ ಸಾರ್” ಎಂದೆ. ಬಾಯಿಗೆ ಬಂದ ಬೆಳೆ ಅದೊಂದೇ.

“ಎಕರೆಗೆ ಎಷ್ಟು ಬೀಜ ಹಾಕ್ತಿದ್ರಿ?”

“ಬೇಕಾದಷ್ಟು ಸಾರ್.”

ಅವರು ತಲೆಯಾಡಿಸಿದರು. ರೈತರು ಲೆಕ್ಕವಿಡುವುದಿಲ್ಲ ಎಂದು ನನ್ನ ಪರವಾಗಿಯೇ ತೀರ್ಮಾನಿಸಿಕೊಂಡರೆಂದು ಕಾಣುತ್ತದೆ. “ಸರಿ, ಬಿತ್ತನೆ ಯಾವ ತಿಂಗಳು?”

ಈರುಳ್ಳಿ ಮಂಡಿಗೆ ಯಾವಾಗ ಬರುತ್ತದೆಂದು ನನಗೆ ಗೊತ್ತಿತ್ತು. ಅಲ್ಲಿಂದ ಬೆರಳು ಮಡಿಸುತ್ತ ಹಿಂದಕ್ಕೆ ಎಣಿಸತೊಡಗಿದೆ. ಆದರೆ ಎಷ್ಟು ಬೆರಳು ಮಡಿಸಿ ನಿಲ್ಲಿಸಬೇಕೆಂದು ಗೊತ್ತಿರಲಿಲ್ಲ. ಒಂದು ಕೈ ಮುಗಿದು ಎರಡನೆಯ ಕೈಗೆ ಹೋದಾಗ ಮ್ಯಾನೇಜರ ಮುಖ ಮೆಲ್ಲಗೆ ಬದಲಾಯಿತು. ಅಷ್ಟು ಹೊತ್ತಿಗೆ ಅಟೆಂಡರು ಒಳಗೆ ಇಣುಕಿದ.

“ಸಾರ್, ಮಾದೇವಸ್ವಾಮಿ ಕಡೆಯೋರು ಇಬ್ರು ಬಂದವ್ರೆ. ಗೇಟ್ತಾವ ತಡುದ್ರೆ ಕೇಳ್ತಾ ಇಲ್ಲ.”

ಹಣೆ ತುಂಬ ವಿಭೂತಿ ಹಚ್ಚಿ, ಬಿಳಿ ಪಂಚೆಯುಟ್ಟು, ಬಗಲಲ್ಲಿ ಮಡಿಸಿದ ಗೋಣಿಚೀಲ ಹಿಡಿದು ಸಾವ್ಕಾರ್ರು ಒಳಗೆ ಬಂದರು. ಅವರ ಹಿಂದೆ ಇಸ್ತ್ರಿ ಮಾಡಿದ ಕೋಟು ತೊಟ್ಟ ಸಿದ್ದಯ್ಯ ಮೇಷ್ಟ್ರು. ಗೇಟಿನ ಬಳಿಯೇ ಇಬ್ಬರಿಗೂ ಪರಿಚಯವಾಗಿ, ಯಾರು ಮೊದಲು ಮಾತಾಡಬೇಕೆಂದು ಸಣ್ಣ ಜಗಳವೂ ಆಗಿತ್ತಂತೆ. ನಾನು ಎದ್ದು ನಿಂತೆ. ನೆಲ ಬಾಯಿ ಬಿಡಬಾರದೇ ಎನಿಸಿತು. ಅದು ಸಿಮೆಂಟಿನ ನೆಲ.

“ಸಾಮಿ, ಇವ್ನ ಅರ್ಜೀಲಿ ಬಲ್ಲೋರು ಅಂತ ನಮ್ಮೆಸರು ಅದೆ. ಅದುಕ್ಕೇ ಬಂದೊ” ಎಂದು ಸಾವ್ಕಾರ್ರು ಕುಳಿತರು. “ಅನ್ನೊಂದು ವರ್ಸ ನನ್ ಮಂಡೀಲಿ ಚೀಲಕ್ಕೆ ಮಾರ್ಕ್ ಆಕ್ದೋನು. ನೋಡ್ಕಳಿ, ಇವ್ನ ಕೈ ಬರವಣ್ಗೆ ತಂದಿವ್ನಿ.”

ಚೀಲವನ್ನು ಮೇಜಿನ ಮೇಲೆ ಹರವಿಯೇಬಿಟ್ಟರು. ಈರುಳ್ಳಿ ಸಿಪ್ಪೆ, ಧೂಳು ಎಲ್ಲ ಹಾರಿ ಬೇರೆ ಅರ್ಜಿಗಳ ಮೇಲೆ ಕುಳಿತವು. ಚೀಲದ ನಡುವೆ ಮಾಸಿದ ಕಪ್ಪು ಮಸಿಯಲ್ಲಿ ನಾನು ಯಾವ ಕಾಲದಲ್ಲೋ ಬರೆದ ದೊಡ್ಡ ಅಕ್ಷರಗಳಿದ್ದವು.

“ಇದು ಮಲಯಾಳ ಅಲ್ವಾ? ಏನು ಬರೆದಿದೆ?” ಮ್ಯಾನೇಜರು ನನ್ನನ್ನೇ ಕೇಳಿದರು.

“ಕಲ್ಲಿಕೋಟೆ ಸಾರ್.”

“ನಿಮಗೆ ಮಲಯಾಳ ಬರುತ್ತಾ?”

“ಊರ ಹೆಸರು ಬರೆಯಕ್ಕೆ ಮಾತ್ರ ಸಾರ್. ಅಲ್ಲಿಯ ಹಮಾಲಿಗಳು ಓದಬೇಕಲ್ಲ, ಅದಕ್ಕೆ ಕಲ್ತಿದ್ದೆ. ತಮಿಳು ಊರುಗಳೂ ಬರುತ್ತೆ.”

“ಅಷ್ಟು ವರ್ಸದಲ್ಲಿ ಒಂದೇ ಒಂದು ಲೋಡು ತಪ್ಪಾದ ಊರ್ಗೆ ಓಗಿತ್ತು ಸಾಮಿ” ಎಂದರು ಸಾವ್ಕಾರ್ರು. “ಅದೂ ನಾನೇ ತಪ್ಪಾಗಿ ಏಳಿದ್ದು. ಬೈಸ್ಕೊಂಡೋನು ಇವ್ನು.”

ಮ್ಯಾನೇಜರು ನನ್ನ ಬಯೋಡೇಟಾ ಎತ್ತಿಕೊಂಡರು. “ಹಾಗಾದರೆ ಈ ವ್ಯವಸಾಯ?”

“ಯವಸಾಯವಾ? ಇವ್ನಾ?” ಸಾವ್ಕಾರ್ರಿಗೆ ನಗು ತಡೆಯಲಾಗಲಿಲ್ಲ. “ಇವ್ನಿಗೆ ತುಳಸಿ ಕಟ್ಟೆ ಬುಟ್ರೆ ಬೇರೆ ಮಣ್ಣೇ ಇಲ್ಲ ಕಣ್ ಸಾಮಿ.”

ನಗು ಅವರೊಬ್ಬರದೇ. ಸಿದ್ದಯ್ಯ ಮೇಷ್ಟ್ರು ಹಾಳೆಯನ್ನು ಇಸಿದುಕೊಂಡು, ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು. “ಎಲ್ಲಾ ಸತ್ಯ ಅಂತ ಸೈನ್ ಮಾಡಿದ್ದೀಯಲ್ಲೋ ಮಾದೇವ” ಎಂದರು. ಗದರಲಿಲ್ಲ. ಗದರಿದ್ದರೆ ಸುಲಭವಾಗುತ್ತಿತ್ತು. ಆಮೇಲೆ ಮ್ಯಾನೇಜರ ಕಡೆ ತಿರುಗಿ, “ಲೆಕ್ಕದಲ್ಲಿ ಇವನು ನಪಾಸಾಗಿದ್ದ. ಅದನ್ನ ನಾನು ಮುಚ್ಚಿಡಲ್ಲ. ಆದರೆ ಕಾಪಿ ಹೊಡೆದವನಲ್ಲ. ಇದೇ ಮೊದಲು” ಎಂದರು.

ಮ್ಯಾನೇಜರು ಅವರಿಬ್ಬರನ್ನೂ ಕಾಫಿಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಚೀಲ ಮೇಜಿನ ಮೇಲೆಯೇ ಇತ್ತು. ಅವರು ಅದನ್ನು ಮಡಿಸಲೂ ಇಲ್ಲ, ಸರಿಸಲೂ ಇಲ್ಲ.

“ಇಲ್ಲಿಂದ ದಿನಾ ಮೂರು ರಾಜ್ಯಕ್ಕೆ ಚೀಲ ಹೋಗುತ್ತೆ. ಇದನ್ನ ಯಾಕೆ ಬರೆಯಲಿಲ್ಲ ನೀವು?”

ಏನೇನೋ ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು, “ಅದನ್ನ ಬರೆದ್ರೆ ಓದಿದವನ ಥರಾ ಕಾಣಲ್ಲ ಅನ್ನಿಸ್ತು ಸಾರ್” ಎಂಬುದು.

ಅವರು ನನ್ನ ಹಾಳೆಯನ್ನು ನನಗೇ ಹಿಂತಿರುಗಿಸಿದರು. “ಸುಳ್ಳು ಬರೆದದ್ದನ್ನ ಫೈಲಿಗೆ ಹಾಕೋಕೆ ಆಗಲ್ಲ. ಸೋಮವಾರ ಹೊಸದು ತನ್ನಿ. ಇದ್ದದ್ದನ್ನ ಬರೀರಿ. ಆಮೇಲೆ ನೋಡೋಣ.”

ಶನಿವಾರ, ಭಾನುವಾರ ಎರಡೂ ದಿನ ಯಂತ್ರದ ಮುಂದೆ ಕುಳಿತೆ. ಮೊದಲು ಒಂದು ಸಾಲು ಎಂದುಕೊಂಡಿದ್ದೆ. ಮಂಡಿಯ ಹೆಸರು ಹೊಡೆದ ಮೇಲೆ ಊರುಗಳ ಹೆಸರು ಬೇಡವೇ ಎನಿಸಿತು. ಊರುಗಳಾದ ಮೇಲೆ ಮಳೆಗಾಲದಲ್ಲಿ ಮಸಿ ಇಳಿಯದ ಹಾಗೆ ಕಲಸುವ ಬಗೆ. ಹರಿದ ಚೀಲಕ್ಕೆ ಎಲ್ಲಿ ಬರೆಯಬೇಕು, ಹೊಲಿಗೆಯ ಪಕ್ಕ ಏಕೆ ಬರೆಯಬಾರದು. ತಪ್ಪಿಹೋದ ಆ ಒಂದು ಲೋಡಿನ ವಿಚಾರವನ್ನೂ, ತಪ್ಪು ಯಾರದೆಂಬುದನ್ನೂ ವಿನಯದಿಂದಲೇ ನಮೂದಿಸಿದೆ. ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನು ಇನ್‌ಸ್ಟಿಟ್ಯೂಟಿನ ಮೇಷ್ಟ್ರಿಂದ ಕೇಳಿಕೊಂಡೆ. ಮಸಿಗೆ, ಹೊಲಿಗೆಗೆ, ಹಮಾಲಿಗೆ ಇಂಗ್ಲಿಷ್ ಕೇಳಿ ಕೇಳಿ ಕೊನೆಗೆ ಅವರು ಬೇಸತ್ತು ಮನೆಗೆ ಹೋದರು. ಮೂರು ಹಾಳೆಯಾಯಿತು. ಹೊಡೆಯುವಾಗ ಎಲ್ಲೂ ನಿಲ್ಲಬೇಕೆನಿಸಲಿಲ್ಲ.

ಸೋಮವಾರ ಮ್ಯಾನೇಜರು ಮೂರನ್ನೂ ಓದಿದರು. ಕೊನೆಯ ಹಾಳೆಯನ್ನು ಮಗುಚಿ, ಹಿಂದೆಯೂ ಇದೆಯೇನೋ ಎಂದು ನೋಡಿದರು.

“ಎಲ್ಲ ಚೆನ್ನಾಗಿದೆ ಮಾದೇವಸ್ವಾಮಿ. ಆದರೆ ನೀವು ಎಸ್ಸೆಸ್ಸೆಲ್ಸಿ ಪಾಸಾಗಿದ್ದೀರೋ ಇಲ್ಲವೋ? ಇದರಲ್ಲಿ ಎಲ್ಲೂ ಇಲ್ಲವಲ್ಲ.”

ಮೂರು ಸಲ ಕಟ್ಟಿ ಪಾಸಾದದ್ದನ್ನು ಮೂರು ಹಾಳೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅವರ ಪೆನ್ನನ್ನೇ ಕೇಳಿ ತೆಗೆದುಕೊಂಡು ಕೊನೆಯ ಹಾಳೆಯ ಅಂಚಿನಲ್ಲಿ ನಿಂತಲ್ಲೇ ಬರೆದೆ. ಚೀಲಕ್ಕೆ ಬರೆದು ರೂಢಿಯಾದ ಕೈ. ಅಕ್ಷರಗಳು ಮೇಜಿನ ಆಚೆಯಿಂದ ಓದುವಷ್ಟು ದೊಡ್ಡದಾದವು. ಅದು ಫೈಲಿನಲ್ಲಿ ಈಗಲೂ ಹಾಗೇ ಇದೆ. ಆ ಫೈಲು ನೋಡಿಕೊಳ್ಳುವ ಗುಮಾಸ್ತ ನಾನೇ ಆದ್ದರಿಂದ, ಯಾವತ್ತಾದರೂ ಅಚ್ಚುಕಟ್ಟಾಗಿ ಮತ್ತೊಮ್ಮೆ ಟೈಪ್ ಮಾಡಿ ಇಡಬಹುದು. ಧೈರ್ಯ ಬರುವುದಿಲ್ಲ. ಮತ್ತೆ ಕುಳಿತರೆ ಈ ಸಲ ಏನನ್ನು ಬಿಟ್ಟುಬಿಡುತ್ತೇನೋ.