ತಲೆ ವಾರೆ ಮಾಡಿ ಆಡುವ ಆಟ

ಬಾಯವ್ವನಿಗೆ ಕಸ ಕಂಡರೆ ಆಗುತ್ತಿರಲಿಲ್ಲ. ಅದರಲ್ಲೂ ಪಕ್ಕದ ಮನೆಯ ಕಸ. ಆ ಪಕ್ಕದ ಮನೆಯ ಹುಡುಗ ಸಿದ್ಧಾರೂಢನ ಬಾಳು ಹಾಳಾಗಲಿಕ್ಕೆ ಅಷ್ಟೇ ಸಾಕಾಯಿತು.

ಬೆಳಿಗ್ಗೆ ಮುಖ ತೊಳೆದು ಬರುವಷ್ಟರಲ್ಲಿ ಅವನ ಟೇಬಲ್ಲಿನ ಮೇಲಿದ್ದ ಕಪ್ಪು ಹಾಳೆ ಮಾಯವಾಗಿತ್ತು.

"ಅವ್ವಾ! ಇಲ್ಲಿದ್ದ ಫಿಲ್ಮ್ ಎಲ್ಲೈತಿ? ಕರ್ರಗ, ತೆಳ್ಳಗ, ಅಂಗೈಯಷ್ಟು ಇತ್ತು!"

ಅವ್ವನ ಬದಲು ಹಿತ್ತಲಿನಿಂದ ಬಾಯವ್ವ ಉತ್ತರ ಕೊಟ್ಟಳು. "ಆ ಪ್ಲಾಸ್ಟಿಕ್ ಚೂರೇನೋ? ನಿಮ್ಮವ್ವಗ ಸೊಂಟ ನೋವು ಅಂತ ನಾನ ನೀರು ಕಾಸಾಕ ಬಂದಿದ್ನೆಪಾ. ಹತ್ತಿಕಟಗಿ ಹಸೀ ಇದ್ದು, ಉರಿ ಹತ್ತವಲ್ದಾಗಿತ್ತು. ಅದನ್ನ ಹಾಕಿದ್ನಿ ನೋಡು, ಭುಗ್ ಅಂತು!"

"ಚಿಗವ್ವಾ, ಅದು ಕಸ ಅಲ್ಲ್ರೀ! ಹುಬ್ಬಳ್ಳಿ ಪ್ಯಾಟಿ ಎಲ್ಲಾ ಜಾಲಾಡಿ ತಂದಿದ್ನಿ!"

"ನೀರೇನು ನಾ ಜಳಕಾ ಮಾಡಾಕ ಕಾಸೀನೇನು? ನಿನಗ ಕಾಸೀನಿ. ಹೋಗು, ಬಿಸೀ ಐತಿ."

ಸಿದ್ಧಾರೂಢನಿಗೆ ಮೈಯೆಲ್ಲ ಉರಿಯಿತು. ಬಿಸಿನೀರು ಬೇಕಾಗಲಿಲ್ಲ. ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೋ ಗೇಮ್‌ಗಳನ್ನು ಬಿಚ್ಚಿ ಜೋಡಿಸುವುದೇ ಅವನ ಹುಚ್ಚು. ಮೇಲಿನಿಂದ ಇಟ್ಟಂಗಿ ಬೀಳುವ ಈ ಗೇಮಿನ ಪರದೆಯ ಮೇಲೆ ಬೆಳಕು ಸೋಸುವ ಫಿಲ್ಮ್ ಬಿಸಿಲಿಗೆ ಸಿಕ್ಕು ಹಪ್ಪಳದಂತೆ ಉಬ್ಬಿತ್ತು. ಅದನ್ನು ಬ್ಲೇಡಿನಿಂದ ಕೆತ್ತಿ ತೆಗೆದಿದ್ದ. ಕಾರ್ಡ್‌ಲೆಸ್ ಫೋನಿನ ಬ್ಯಾಟರಿಯನ್ನೂ ಬೆಸುಗೆ ಹಾಕಿ ಕೂಡಿಸಿದ್ದ. ಹೊಸ ಫಿಲ್ಮ್ ಅಂಟಿಸಿದರೆ ಮುಗಿಯಿತು. ಅದಿಲ್ಲದಿದ್ದರೆ ಒಳಗೆ ಆಟ ನಡೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಇವತ್ತೇ ಕಾಣಬೇಕಿತ್ತು. ಹಿಂದಿನ ದಿನ ಊಟಕ್ಕೆ ಕೂತಾಗ ಅಪ್ಪ ಮಡಿವಾಳೆಪ್ಪ ತೀರ್ಪು ಕೊಟ್ಟಿದ್ದ: "ನಾಳೆ ಮುನವಳ್ಳಿಯಿಂದ ನಿಮ್ಮ ಮಾವ ಮಲಕಾಜಪ್ಪ ಬರ್ತಾನ. ಅವನ ಎದುರಿಗೆ ಒಂದರ ಚಾಲೂ ಮಾಡಿ ತೋರ್ಸು. ಇಲ್ಲಂದ್ರ ಅವನ ಕೂಡ ಹೋಗಿ ಗೊಬ್ಬರದ ಅಂಗಡ್ಯಾಗ ಕುಂಡ್ರು."

ಆ ಅಂಗಡಿಯಲ್ಲಿ ಹಿಂದೊಮ್ಮೆ ಅರ್ಧ ದಿನ ಕೂತಿದ್ದಕ್ಕೆ ಒಂದು ವಾರ ಹೋಳಿಗೆಯೂ ಯೂರಿಯಾ ನಾತ ಹೊಡೆದಿತ್ತು.

ಮಡಿವಾಳೆಪ್ಪ ಬಂದು ಗೇಮನ್ನು ತಿರುಗಿಸಿ ಮುರುಗಿಸಿ ನೋಡಿದ. ಅದು ಕುಂಯ್ ಕುಂಯ್ ಎಂದಿತು. ಪರದೆ ಮಾತ್ರ ತೊಳೆದಿಟ್ಟ ತಾಟಿನ ಹಾಗಿತ್ತು.

"ಒದರತೈತಿ, ಕಾಣಂಗಿಲ್ಲ. ಬಾವ್ಯಾಗ ಬಿದ್ದ ಬೆಕ್ಕಾತಲ್ಲೋ ಇದು! ಚೀಲದಾಗ ಅರಬಿ ತುಂಬಕೋ."

ಸಿದ್ಧಾರೂಢ ಗೇಮ್ ಹಿಡಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಬುಸುಗುಡುತ್ತ ಕೂತ. ಆಗ ಎದುರುಮನೆಯ ಸಂಜು ಹೊಸ ಅಂಗಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದ. ಸಿರಸಂಗಿಗೆ ಕನ್ಯೆ ನೋಡಲು ಹೊರಟಿದ್ದ. ಚಪ್ಪಲಿಯ ಪಟ್ಟಿ ಬಿಗಿಯಲು ವಾರೆಯಾಗಿ ಬಗ್ಗಿದವನು ಹಾಗೇ ನಿಂತ.

"ಯಾಕಲೇ, ಕೆಟ್ಟೈತಿ ಅಂತಿದ್ದಿ? ಇಟ್ಟಂಗಿ ಚಂದಂಗ ಬೀಳಾಕತ್ತಾವಲ್ಲ!"

ಸಿದ್ಧಾರೂಢ ಅವನ ಕನ್ನಡಕ ಕಸಿದು ಹಾಕಿಕೊಂಡ. ನೆಟ್ಟಗೆ ನೋಡಿದರೆ ಮಬ್ಬು. ತಲೆ ವಾರೆ ಮಾಡಿದರೆ ಒಂದೊಂದು ಇಟ್ಟಂಗಿಯೂ ಸ್ಪಷ್ಟ! ಒಲೆಯಲ್ಲಿ ಸುಟ್ಟ ಫಿಲ್ಮಿನ ಕೆಲಸವನ್ನು ಈ ಗಾಜು ಮಾಡುತ್ತಿತ್ತು.

"ಸಂಜಿ ಮಟಾ ಇದು ನನಗಿರ್ಲಿ!"

"ಕನ್ಯಾ ನೋಡಾಕ ಹೊಂಟೇನಲೇ!"

"ಹುಡುಗೀನ ಕರ್ರಗ ಮಾಡಿ ನೋಡ್ತೀಯೇನು? ಬರೇ ಕಣ್ಣಲೆ ನೋಡು, ಹೋಗು!"

ಸಂಜು ಬಯ್ಯುತ್ತ ಹೋದ. ಮಧ್ಯಾಹ್ನ ಮಲಕಾಜಪ್ಪ ಬಂದಿಳಿದ. ಸಿದ್ಧಾರೂಢ ಮಾವನಿಗೆ ನೀರು ಕೊಡುವ ಮೊದಲೇ ಕನ್ನಡಕ ತೊಡಿಸಿ ಗೇಮ್ ಕೈಗಿಟ್ಟ.

"ಏನೂ ಕಾಣವಲ್ದಲ್ಲೋ."

"ತಲಿ ವಾರಿ ಮಾಡ್ರಿ ಮಾವಾ. ಇನ್ನಷ್ಟು. ಕಿವಿ ಹೆಗಲಿಗೆ ಹತ್ತಬೇಕು."

ಮಲಕಾಜಪ್ಪ ಹದ್ದು ನೋಡುವ ಕೋಳಿಯಂತೆ ಕುತ್ತಿಗೆ ಹೊರಳಿಸಿದ. "ಅರೇ! ಹೌದಲ್ಲೋ! ಏ, ಇದನ್ನ ಬಲಕ್ಕ ದಬ್ಬೂದು ಹ್ಯಾಂಗ?"

ಆಮೇಲೆ ಅವನಿಗೆ ಲೋಕದ ಪರಿವೆ ಉಳಿಯಲಿಲ್ಲ. ಚಹಾ ಆರಿತು. ಅವಲಕ್ಕಿ ಮೆತ್ತಗಾಯಿತು. ಕೊನೆಗೆ ಮಡಿವಾಳೆಪ್ಪನೂ ಕನ್ನಡಕ ಇಸಿದುಕೊಂಡು ಒಮ್ಮೆ ನೋಡಿ ಸೋಲೊಪ್ಪಿದ. "ಆತಪಾ. ನೀ ಇಲ್ಲೇ ಇರು. ಟೇಬಲ್ಲೂ ನಿಂದ."

ಸಿದ್ಧಾರೂಢ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಬಾಯವ್ವನ ಕಡೆ ಗೆದ್ದ ಪೈಲವಾನನಂತೆ ನೋಡಿದ. ಮಾವ ಕನ್ನಡಕ ಕಸಿದುಕೊಂಡು ಮತ್ತೆ ಆಟಕ್ಕೆ ಕೂತ.

ಹೊತ್ತು ಇಳಿಯಿತು. "ಮಾವಾ, ಬಸ್ಸಿನ ಹೊತ್ತಾತ್ರಿ."

ಮಲಕಾಜಪ್ಪ ಎದ್ದ. ತಲೆ ಏಳಲಿಲ್ಲ. ಅದು ಹೆಗಲ ಮೇಲೇ ಉಳಿಯಿತು.

"ಅಯ್ಯಯ್ಯೋ! ಮುಟ್ಟಬ್ಯಾಡ್ರಿ! ಹಿಡಕೊಂಡೈತಿ!"

ಬಾಯವ್ವ ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿದಳು. ಮಲಕಾಜಪ್ಪನ ಕೂಗು ಬಸ್ ಸ್ಟ್ಯಾಂಡಿಗೆ ಮುಟ್ಟಿತು, ಕುತ್ತಿಗೆ ಮಾತ್ರ ಅಳ್ಳಾಡಲಿಲ್ಲ.

"ಈ ಕುತ್ತಿಗಿ ತಗೊಂಡು ಬಸ್ ಹತ್ತತೀಯೇನು? ನೆಟ್ಟಗಾಗೂತನಕ ಇಲ್ಲೇ ಇರು," ಎಂದ ಮಡಿವಾಳೆಪ್ಪ.

"ಬಿತ್ತಿಗಿ ಹಂಗಾಮ ಐತ್ರಿ ಮಾವಾರ! ನಾಳೆ ಅಂಗಡಿ ಯಾರು ತಗೀಬೇಕು?"

ಎಲ್ಲರೂ ಸಿದ್ಧಾರೂಢನ ಕಡೆ ತಿರುಗಿದರು. ಕುತ್ತಿಗೆ ತಿರುಗದ್ದರಿಂದ ಮಲಕಾಜಪ್ಪ ಇಡೀ ಮೈ ತಿರುಗಿಸಿದ.

"ಅಪ್ಪಾ, ಮಾತು ಕೊಟ್ಟಿದ್ದಿ! ಚಾಲೂ ಮಾಡಿ ತೋರಿಸಿಲ್ಲೇನು?"

"ಚಾಲೂ ಮಾಡಿದ್ದಕ್ಕ ಹಿಂಗಾಗೇತಿ," ಎಂದು ಮಡಿವಾಳೆಪ್ಪ ಮಲಕಾಜಪ್ಪನಿಂದ ಅಂಗಡಿಯ ಕೀಲಿ ಇಸಿದುಕೊಂಡು ಮಗನ ಅಂಗೈಯಲ್ಲಿಟ್ಟ. "ಓಡು, ಬಸ್ ತಪ್ಪೀತು."

ಸಿದ್ಧಾರೂಢ ಹಲ್ಲು ಕಡಿಯುತ್ತ, ಗೇಮನ್ನಾದರೂ ಒಯ್ಯೋಣವೆಂದು ಕೈ ಚಾಚಿದ.

ಮಲಕಾಜಪ್ಪ ಅದನ್ನು ಎದೆಗವಚಿಕೊಂಡ. "ಇದ್ಯಾಕ ನಿನಗ? ನನ್ನ ತಲಿ ಹ್ಯಾಂಗೂ ವಾರೀನ ಐತಿ."