ಅಳಿಯನ ಕಾರಿನ ಕಾವಲು ಪೆಟ್ಟಿಗೆ

ಕಣ್ಣಿಗೆ ಕಾಣದೆ ಲೋಕವನ್ನು ನಡೆಸುವ ಪರಮಾತ್ಮನಿಗೆ ಮೊದಲ ವಂದನೆ. ಎತ್ತಿನ ಗಾಡಿಯಿಂದಾಗಲಿ, ಹಿರಿಯೂರಿನ ಬಸ್ಸಿನ ಮೆಟ್ಟಿಲಿನಿಂದಾಗಲಿ ಈ ಮುದಿ ದೇಹ ಬೀಳದಂತೆ ಇಷ್ಟು ಕಾಲ ಕಾಪಾಡಿದ ಅವನ ಋಣವನ್ನು ತೀರಿಸಲಾರೆ. ಕಾಣದವನನ್ನು ನಂಬುವುದು ನನಗೆ ಬಾಲ್ಯದಿಂದ ಬಂದ ಅಭ್ಯಾಸ. ಆದರೆ ಕಾಣದ ಎಲೆಕ್ಟ್ರಾನಿಕ್ ವಿದ್ಯೆಯೊಂದು ಕಾರಿನೊಳಗೆ ಕುಳಿತು ನಮ್ಮ ಪ್ರಾಣವನ್ನು ಕೈಯಲ್ಲಿ ಹಿಡಿದಿರುತ್ತದೆ ಎಂದರೆ ನನ್ನ ಶ್ರದ್ಧೆ ಏಕೋ ಅಳುಕುತ್ತದೆ. ಎತ್ತು ನಿಂತರೆ ಅದರ ಮುಖ ನೋಡಿ ಕಾರಣವನ್ನು ಊಹಿಸಬಹುದು. ತಗಡಿನ ಪೆಟ್ಟಿಗೆಗೆ ಮುಖವೇ ಇಲ್ಲ.

ಅಂಥದೊಂದು ಪೆಟ್ಟಿಗೆಯನ್ನು ನನ್ನ ಅಳಿಯ ಶಿವಾನಂದ, ಹಿರಿಯೂರಿನ ಕೊಬ್ಬರಿ ವ್ಯಾಪಾರಿ, ತನ್ನ ಹಳೆಯ ಕಾರಿಗೆ ಹಾಕಿಸಿದ್ದ. ಒಳಗೆ ಟ್ರಾನ್ಸಿಸ್ಟರುಗಳಿದ್ದವಂತೆ. ಕಳ್ಳರು ಕಾರನ್ನು ಮುಟ್ಟಿದರೆ ಎಂಜಿನ್ನಿಗೆ ಹೋಗುವ ಕರೆಂಟು ನಿಂತು, ಸ್ವಲ್ಪ ಹೊತ್ತಾದ ಮೇಲೆ ತಾನೇ ಬರುತ್ತದಂತೆ. "ಓಡುತ್ತಿರುವಾಗ ಅದಕ್ಕೆ ಸಂಶಯ ಬಂದರೆ?" ಎಂದು ಕೇಳಿದೆ. "ಅದು ಮನುಷ್ಯ ಅಲ್ಲ ಮಾವ, ಸುಮ್‌ಸುಮ್ನೆ ಸಂಶಯ ಪಡಾಕೆ" ಎಂದು ಅವನು ನಕ್ಕ.

ಮಗಳು ಶಾರದೆ ಹೆರಿಗೆಗೆಂದು ಯಲ್ಲದಕೆರೆಯ ನಮ್ಮ ಮನೆಗೆ ಬಂದಿದ್ದಳು. ಮಗು ಹೊಟ್ಟೆಯಲ್ಲಿ ಅಡ್ಡಲಾಗಿ ಮಲಗಿದೆ, ನೋವು ಕಾಣಿಸಿದೊಡನೆ ಆಸ್ಪತ್ರೆಗೆ ಕರೆತರಬೇಕು, ತಡವಾದರೆ ಕಷ್ಟ ಎಂದು ಹಿರಿಯೂರಿನ ಡಾಕ್ಟರಮ್ಮ ಎಚ್ಚರಿಸಿದ್ದರು. ಅಳಿಯ ಹೆಂಡತಿಯನ್ನು ನೋಡಲು ಬಂದಿದ್ದ ಒಂದು ಮಧ್ಯಾಹ್ನವೇ ನೋವು ಎದ್ದಿತು. ಹಿಂದಿನ ಸೀಟಿನಲ್ಲಿ ಮಗಳನ್ನು ಮಲಗಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನಾಕೆ ಕುಳಿತಳು. ನಾನು ಮುಂದೆ, ಅಳಿಯನ ಪಕ್ಕದಲ್ಲಿ, ಚಪ್ಪಲಿ ಬಿಟ್ಟು ಪದ್ಮಾಸನಕ್ಕೆ ಹತ್ತಿರವಾದ ಭಂಗಿಯಲ್ಲಿ ಕುಳಿತೆ. ಕಾಲು ಇಳಿಬಿಟ್ಟು ಜಪಿಸುವುದು ನನಗೆ ಒಗ್ಗದು.

ಊರ ಬಾಗಿಲಿನ ಆಂಜನೇಯನಿಗೆ ಕೈಮುಗಿದು, ಹಣೆ ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಬಾಗಿದೆ. ಕಾರು ಕೆಮ್ಮಿ ನಿಂತಿತು. ಅಳಿಯ ಇಳಿದು ಬಾನೆಟ್ ಎತ್ತಿದ, ವೈರುಗಳನ್ನು ಅಲುಗಿಸಿದ, ಕಾರು ಹೊರಟಿತು. ಬೇವಿನ ಮರದ ಮಾರಮ್ಮನ ಮುಂದೆಯೂ ಅದೇ ಆಯಿತು. "ದೇವ್ರೇ ತಡೀತಿದಾನೆ, ಇನ್ನೂ ಬಗ್ಗಿ ಕೈ ಮುಗೀರಿ" ಎಂದಳು ನನ್ನಾಕೆ. ಇನ್ನೂ ಬಾಗಿದೆ. ಕಾರು ಇನ್ನೂ ಹೆಚ್ಚು ಹೊತ್ತು ನಿಂತಿತು.

ಕುರಿ ಹೊಡೆದುಕೊಂಡು ಬರುತ್ತಿದ್ದ ಇಬ್ಬರು ನಮ್ಮನ್ನು ತಳ್ಳಲು ಬಂದರು. ಹಿರಿಯವನು ಕಿಟಕಿಗೆ ಬಗ್ಗಿ, "ಏನ್ ಸ್ವಾಮೇರಾ, ನಮ್ಮ ಟಗರೂ ಹಿಂಗೇ, ಗುಡಿ ಕಂಡ್ರೆ ಮುಂದಕ್ಕೆ ಕಾಲು ಇಡಾಕಿಲ್ಲ" ಎಂದ. ಹಿಂದೆ ಮಗಳ ನರಳಾಟ ಕೇಳಿದ್ದೇ ನಗು ನಿಲ್ಲಿಸಿ, "ಲೇ, ಹೆಗಲು ಕೊಡಲೇ, ಹೆಣ್ಮಗಳು ಅದಾಳೆ" ಎಂದು ಜೊತೆಗಾರನನ್ನು ಗದರಿಸಿದ.

ಮುಂದಿನ ಇಳಿಜಾರಿನ ಬದಿಯಲ್ಲಿ ಬೀರಪ್ಪನ ಗುಡಿಯಿತ್ತು. ಭಯದಿಂದ ನನ್ನ ನಮಸ್ಕಾರ ಇನ್ನಷ್ಟು ದೀರ್ಘವಾಯಿತು. ಈ ಬಾರಿ ನಡುರಸ್ತೆಯಲ್ಲೇ ಎಂಜಿನ್ ಸತ್ತಿತು. ಹಿಂದಿನಿಂದ ಬಂದ ಲಾರಿ ಹಾರನ್ ಒತ್ತುತ್ತ ನಮ್ಮನ್ನು ಸವರಿದಂತೆ ದಾಟಿಹೋಯಿತು. ಡ್ರೈವರ್ ಬೈದ ಮಾತುಗಳು ನಾನು ಕಲಿತ ಯಾವ ಕೋಶದಲ್ಲಿಯೂ ಇಲ್ಲ.

ಆಗ ಶಾರದೆ ಹಲ್ಲು ಕಚ್ಚಿಕೊಂಡು ಹೇಳಿದಳು: "ಅಪ್ಪಾ, ನೀವು ಬಗ್ಗಿದಾಗೆಲ್ಲ ಕಾರು ನಿಲ್ತೈತೆ. ನಿಮ್ಗೆ ಕೈ ಮುಗೀತೀನಿ, ನೆಟ್ಟಗೆ ಕುಂತ್ಕಳ್ರಿ."

ಅಳಿಯ ಬಗ್ಗಿ ನೋಡಿದ. ನಾನು ಬಾಗಿದಾಗಲೆಲ್ಲ ಮಡಚಿದ ಮೊಣಕಾಲು ಮೇಲೆದ್ದು, ಡ್ಯಾಶ್‌ಬೋರ್ಡಿನ ಕೆಳಗೆ ಅಡಗಿಸಿದ್ದ ಪೆಟ್ಟಿಗೆಯ ಕರೆಂಟು ಕಡಿಯುವ ಗುಂಡಿಯನ್ನು ಒತ್ತುತ್ತಿತ್ತು. "ಪೆಟ್ಟಿಗೆ ನಿಮ್ಮನ್ನ ಕಳ್ಳ ಅಂತ ತಿಳ್ಕಂಡೈತೆ ಮಾವ" ಎಂದ. ಮಗಳ ಕ್ಷೇಮಕ್ಕಾಗಿ ಸಲ್ಲಿಸಿದ ಒಂದೊಂದು ಪ್ರಾರ್ಥನೆಯೂ ಅವಳನ್ನು ಆಸ್ಪತ್ರೆಯಿಂದ ದೂರವಿಟ್ಟಿತ್ತು. ಪೆಟ್ಟಿಗೆಯ ವೈರು ಕಿತ್ತರೆ ಕಾರು ಹೊರಡುವುದೇ ಇಲ್ಲವಂತೆ. ನಾನು ಕಾಲುಗಳನ್ನು ಇಳಿಬಿಟ್ಟು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ.

ಹಿರಿಯೂರು ಹೊಕ್ಕಾಗ ತೇರುಮಲ್ಲೇಶ್ವರನ ಗೋಪುರ ಕಾಣಿಸಿತು. ನನ್ನ ಬೆನ್ನು ತಾನಾಗಿಯೇ ಬಾಗತೊಡಗಿತು. "ಮುಗೀಬ್ಯಾಡ್ರಿ" ಎಂದಳು ನನ್ನಾಕೆ ಹಿಂದಿನಿಂದ, "ನಿಮ್ಮ ಪಾಲಿಂದೂ ನಾನೇ ಮುಗೀತೀನಿ." ಆ ಸ್ವಾಮಿಯ ಎದುರು ಕಂಬದಂತೆ ಸೆಟೆದು ಹಾದುಹೋದದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಅದೂ ನನಗೆ ಒಂದು ಬಗೆಯ ವ್ಯಥೆಯೇ ಆಯಿತು.

ಸಂಜೆಯ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು. ಮಗುವನ್ನು ಹೊರಗೆ ತಂದು ತೋರಿಸಿದ ನರ್ಸಮ್ಮ, ಕಥೆಯನ್ನೆಲ್ಲ ಅಳಿಯನಿಂದ ಕೇಳಿದ್ದವಳು, "ದಾರೀಲಿ ಇನ್ನೊಂದು ಗುಡಿ ಇದ್ದಿದ್ರೆ ಏನ್ ಗತಿ ಅಜ್ಜಾರೇ?" ಎಂದಳು.

ಊರಿಗೆ ಮರಳುವಾಗ ನನ್ನನ್ನು ಹಿಂದಿನ ಸೀಟಿಗೆ ವರ್ಗಾಯಿಸಿದ್ದರು. ಮಲ್ಲೇಶ್ವರನ ಗುಡಿ ಬಂದಿತು; ನಾನು ನೆಲ ಮುಟ್ಟುವಷ್ಟು ಬಾಗಿದೆ. ಕಾರು ಲಕ್ಷಿಸದೆ ಮುಂದೆ ಓಡಿತು. "ಒಂದು ನಿಮಿಷ ನಿಲ್ಲಿಸಪ್ಪ" ಎಂದೆ. "ಅದಕ್ಕೆ ಬ್ರೇಕ್ ಐತೆ ಮಾವ, ಬಾಯಿಬಿಟ್ಟು ಹೇಳಿದ್ರೆ ಸಾಕು" ಎಂದು ಶಿವಾನಂದ ನಿಲ್ಲಿಸಿದ.

ಹೆತ್ತವಳಿಗೆ, ಹುಟ್ಟಿದವಳಿಗೆ, ನನ್ನ ಪಾಲಿಗೂ ಕೈಮುಗಿದವಳಿಗೆ, ತಳ್ಳಿದ ಹೆಗಲುಗಳಿಗೆ, ಅವರ ಟಗರಿಗೆ, ಬೈದರೂ ಗುದ್ದದೆ ಹೋದ ಲಾರಿಯವನಿಗೆ ದೀರ್ಘಾಯುಷ್ಯವಾಗಲಿ. ಆ ಪೆಟ್ಟಿಗೆಗೂ ಶ್ರೇಯಸ್ಸಾಗಲಿ. ಅದು ಬೇರೆ ಯಾರದಾದರೂ ಕಾರಿನಲ್ಲಿ ಆಗಲಿ.