ಉಪ್ಪು ಬಿಟ್ಟ ಮಾವ, ತಲೆ ಬೋಳಿಸಿದ ತಾತ

ನನ್ನ ಸೋದರಮಾವನಿಗೆ ಹುಚ್ಚು ಹಿಡಿದಿರಲಿಲ್ಲ. ಹಿಡಿದಿದ್ದರೆ ನಮ್ಮಮ್ಮನಿಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ಹುಚ್ಚಿಗೆ ನಮ್ಮ ಕಡೆ ಔಷಧಿ ಕೊಡುವವರಿದ್ದರು. ಅವನಿಗೆ ಹಿಡಿದದ್ದು ಜಮೈಕಾ.

ಎಂಬತ್ತರ ದಶಕದ ಮಾತು. ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ, ಅಪ್ಪ ಅವನ ಮುಂದೆಯೇ ಹಾದುಹೋಗಿ ಅವನನ್ನು ಹುಡುಕುತ್ತಿದ್ದರು. ಸೊಂಟದವರೆಗೆ ಜಡೆಗಟ್ಟಿದ ಕೂದಲು! ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ಅವನ ಕಾಲಿಗೇ ಬಿದ್ದಳು.

"ಅಮ್ಮನೋರು ಮೈಮ್ಯಾಲೆ ಅವ್ಳೆ. ನಮ್ಮುಡ್ಗಿ ಮದ್ವೆ ಯಾವಾಗ ಆಯ್ತದೆ ಏಳಪ್ಪ."

"ಮುಂದಿನ ವರ್ಷ," ಎಂದ ಮಾವ, ಒಂದಿಷ್ಟೂ ಅಳುಕದೆ.

ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಬಂದ ಮೇಲೆ ವಿವರಿಸಿದ. ತಾನೀಗ ಜಮೈಕಾದ ರಸ್ತಾಫಾರಿ ಮತದವನು. ಕೂದಲಿಗೆ ಕತ್ತರಿ ಮುಟ್ಟಿಸುವಂತಿಲ್ಲ, ಮಾಂಸ ತಿನ್ನುವಂತಿಲ್ಲ, ಉಪ್ಪೂ ಕೂಡದು. ಇಥಿಯೋಪಿಯದ ರಾಜನೇ ದೇವರು. ರಾಜನನ್ನು ಅಮ್ಮ ಹೇಗೋ ಸಹಿಸಿಕೊಂಡಳು. ಉಪ್ಪಿನ ಮಾತಿಗೆ ಕುಸಿದು ಕುಳಿತಳು.

"ಉಪ್ಪಿಲ್ದೆ ಉಪ್ಸಾರು ಎಂಗ್ಲಾ ಮಾಡ್ಲಿ?"

ಪಕ್ಕದ ಮನೆಯಲ್ಲಿ ಚಿನ್ನದ ಗಣಿಯಿಂದ ನಿವೃತ್ತರಾದ ತಮಿಳು ತಾತನಿದ್ದರು. ತಲೆಮಾರುಗಳಿಂದ ಬೌದ್ಧರು. ಹುಣ್ಣಿಮೆಗೊಮ್ಮೆ ತಲೆ ನುಣ್ಣಗೆ ಬೋಳಿಸಿಕೊಳ್ಳುವುದು ಅವರದೇ ಒಂದು ನೇಮ. ಅವರಾದರೂ ಬುದ್ಧಿ ಹೇಳಿಯಾರು ಎಂದು ಅಪ್ಪ ಮಾವನನ್ನು ಅಲ್ಲಿಗೆ ಕಳಿಸಿದರು. ಇಬ್ಬರೂ ಗೆಳೆಯರಾಗಿಬಿಟ್ಟರು!

"ಗಾಂಜಾ ನಮ್ಗೆ ತೀರ್ಥ ಇದ್ದಂಗೆ ತಾತ."

"ನಮ್ಗೆ ಅಮಲು ಬರ್ಸೋದು ಏನೂ ಕೂಡ್ದು ತಂಬಿ. ಆದ್ರೆ ಭಾನುವಾರ ಮಟನ್ ಬಿಡಲ್ಲ."

ಬೋಳುತಲೆಯವರು ಮಾಂಸ ತಿನ್ನುವುದು, ಜಟಾಧಾರಿ ಉಪ್ಪನ್ನೂ ಬಿಡುವುದು, ಇದ್ಯಾವ ನ್ಯಾಯ? ಅಪ್ಪ ಬಾಯಿ ತೆರೆದವರು ಮುಚ್ಚಲು ಮರೆತರು.

"ಒಂದಿನ ನಾವೆಲ್ಲ ಆಫ್ರಿಕಾಕ್ಕೆ ವಾಪಸ್ ಓಗ್ತೀವಿ," ಎಂದ ಮಾವ.

"ನೀನು ವಾಪಸ್ ಓಗ್ಬೇಕಾದ್ದು ನಿಮ್ಮೂರು ಬೂದಿಕೋಟೆಗಲ್ವಾ ತಂಬಿ?" ಎಂದರು ತಾತ. "ಅದಿರ್ಲಿ, ಆ ರಾಜ ಸತ್ತೋದ ಅಂತ ಪೇಪರ್ನಲ್ಲಿ ಬಂದಿತ್ತಲ್ಲ?"

"ಸತ್ತಿಲ್ಲ. ಅದೆಲ್ಲ ಸುಳ್ಳು."

"ನಮ್ಮ ಬುದ್ಧನೋರು ರಾಜ್ಯಾನೇ ಬಿಟ್ಟು ಓದ್ರು. ಆಮೇಲೆ ಸತ್ರು. ಎಲ್ರೂ ಸಾಯ್ತಾರೆ ಅಂತ ಏಳ್ಬಿಟ್ಟೇ ಸತ್ರು."

ಮಾವ ಆ ದಿನ ಕಾಫಿ ಮುಗಿಸದೆ ಎದ್ದು ಬಂದ. ಮರುದಿನ ಮತ್ತೆ ಅದೇ ಜಗಲಿಗೆ ಹೋದ.

ಗಣಿಯ ದೂಳು ತಾತನ ಎದೆಯಲ್ಲಿ ಕೂತಿತ್ತು. ಕೆಮ್ಮಿ ಕೆಮ್ಮಿ ಒಂದು ಬೆಳಗ್ಗೆ ಹೋಗಿಬಿಟ್ಟರು. ಸುದ್ದಿ ಕೇಳಿದ ಮಾವ ನಮ್ಮ ಹೊಸ್ತಿಲಲ್ಲೇ ನಿಂತ. ಅವನ ಮತದವರು ಹೆಣದ ಹತ್ತಿರ ಹೋಗುವಂತಿಲ್ಲವಂತೆ. ಅಮ್ಮನ ಮುಖ ಕೆಂಪೇರಿತು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಮಾವ ಅಂಗಳ ದಾಟಿದ್ದ. ತಾತನ ಮೈ ತೊಳೆದ. ಚಟ್ಟಕ್ಕೆ ಹೆಗಲು ಕೊಟ್ಟ.

ಸ್ಮಶಾನದಿಂದ ಬಂದವನನ್ನು ಅಮ್ಮ ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಬಿಸಿನೀರು ಹುಯ್ದಳು. ನೆನೆದ ಜಡೆ ಅವನ ತಲೆಯನ್ನು ಹಿಂದಕ್ಕೆ ಜಗ್ಗಿತು. ಅವಳು ಚೊಂಬು ಕೆಳಗಿಟ್ಟು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಎಷ್ಟು ಬಾರ ಐತಲ್ಲೋ ಇದು."

"ವಸಿ ಒತ್ತು ಇಡ್ಕೊಂಡಿರಕ್ಕಾ," ಎಂದ ಮಾವ.

ಅಮ್ಮ ಹಿಡಿದುಕೊಂಡೇ ನಿಂತಳು.